ಕರೆಂಟ್ ಹೋದ ಮೇಲೂ ಲೆಕ್ಕ ತಪ್ಪದ ಮನೆ: ಹೈಬ್ರಿಡ್ ಸೌರ ಇನ್ವರ್ಟರ್ ಮತ್ತು ಅದರ ಸ್ವಯಂಚಾಲನೆಯ ವಿಮರ್ಶೆ

ಬೆಂಗಳೂರಿನಲ್ಲಿ ತಾರಸಿಯ ಮೇಲೆ ಸೌರ ಫಲಕ ಹಾಕಿಸಿಕೊಂಡ ಹಲವರಿಗೆ ಮೊದಲ ಬೇಸಿಗೆಯಲ್ಲಿ ಒಂದು ಆಶ್ಚರ್ಯ ಕಾದಿರುತ್ತದೆ. ನೆತ್ತಿಯ ಮೇಲೆ ಸೂರ್ಯ ಉರಿಯುತ್ತಿದ್ದರೂ ಬೆಸ್ಕಾಂ ಕರೆಂಟ್ ಹೋದ ಕ್ಷಣವೇ ತಾರಸಿಯ ಕರೆಂಟೂ ನಿಲ್ಲುತ್ತದೆ. ಇದು ಯಂತ್ರದ ದೋಷವಲ್ಲ. ಕಂಬ ಹತ್ತಿ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ಗೆ ನಮ್ಮ ಮನೆಯಿಂದ ಹಿಂದಕ್ಕೆ ಹರಿದ ವಿದ್ಯುತ್ ತಗುಲಬಾರದೆಂಬ ಕಾರಣಕ್ಕೆ, ಬೆಸ್ಕಾಂನ ವಿದ್ಯುತ್ ಜಾಲಕ್ಕೆ ಜೋಡಿಸಿದ ಪ್ರತಿ ಇನ್ವರ್ಟರ್ ಜಾಲ ಸತ್ತೊಡನೆ ಅದಕ್ಕೆ ವಿದ್ಯುತ್ ಹರಿಸುವುದನ್ನು ನಿಲ್ಲಿಸಲೇಬೇಕು. ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಇನ್ವರ್ಟರ್‌ಗೆ ಆಗ ಮಾಡಲು ಬೇರೆ ಕೆಲಸವೇ ಉಳಿಯುವುದಿಲ್ಲ. ಜಾಲದಿಂದ ತನ್ನನ್ನು ಬೇರ್ಪಡಿಸಿಕೊಂಡು, ಬ್ಯಾಟರಿ ಮತ್ತು ಫಲಕಗಳ ಬಲದಿಂದ ಮನೆಯನ್ನು ಮಾತ್ರ ನಡೆಸಬಲ್ಲ ಯಂತ್ರ ಬೇಕೆಂದರೆ ಹೈಬ್ರಿಡ್ ಇನ್ವರ್ಟರ್ ಕೊಳ್ಳಬೇಕು. ಪದ್ಮನಾಭನಗರದ ನಮ್ಮ ಮನೆಯಲ್ಲಿ ಬೇಸಿಗೆ, ಮಳೆಗಾಲ ಎರಡನ್ನೂ ಕಂಡಿರುವ ಅಂಥ ಒಂದು ವ್ಯವಸ್ಥೆಯ ವಿಮರ್ಶೆ ಇದು: 5 ಕಿಲೋವ್ಯಾಟ್‌ನ ಹೈಬ್ರಿಡ್ ಇನ್ವರ್ಟರ್, 51.2 ವೋಲ್ಟ್‌ನ 100 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, 540 ವ್ಯಾಟ್‌ನ ಆರು ಫಲಕಗಳು, ಮತ್ತು ಇವೆಲ್ಲವನ್ನೂ ಒಂದೇ ಕಣ್ಣಿನಿಂದ ನೋಡಲು ಹೋಮ್ ಅಸಿಸ್ಟೆಂಟ್ ಎಂಬ ಉಚಿತ ತಂತ್ರಾಂಶ. ಇನ್ವರ್ಟರ್‌ನ ಕಂಪನಿಯ ಹೆಸರನ್ನು ಬರೆಯುತ್ತಿಲ್ಲ. ಒಂದೇ ಕಾರ್ಖಾನೆಯ ಯಂತ್ರ ಬೇರೆ ಬೇರೆ ಲೇಬಲ್‌ಗಳಲ್ಲಿ ಮಾರಾಟವಾಗುವ ವ್ಯಾಪಾರವಿದು. ಇಲ್ಲಿ ಹೇಳುವ ಗುಣದೋಷಗಳು ಬಹುಮಟ್ಟಿಗೆ ಆ ಇಡೀ ವರ್ಗಕ್ಕೆ ಸಲ್ಲುತ್ತವೆ.

ಹಣದ ಮಾತನ್ನು ಮೊದಲೇ ಮುಗಿಸುವುದು ಒಳ್ಳೆಯದು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್‌ಗಳ ಒಳಗೆ, ತಮಗೆ ನಿಗದಿಯಾದ ಮಿತಿಯಲ್ಲಿ ಬಳಸುವ ಮನೆಗಳಿಗೆ ಬಿಲ್ಲೇ ಬರುವುದಿಲ್ಲ. ಅಂಥ ಮನೆಯವರು ಬಿಲ್ ಉಳಿಸಲೆಂದು ಸೌರ ವ್ಯವಸ್ಥೆಗೆ ಲಕ್ಷಗಟ್ಟಲೆ ಸುರಿಯುವುದರಲ್ಲಿ ಅರ್ಥವಿಲ್ಲ. ಅದಕ್ಕಿಂತ ಹೆಚ್ಚು ಬಳಸುವವರಿಗೆ ಲಾಭವಿದೆ, ಆದರೆ ಆ ಲಾಭವನ್ನು ತಂದುಕೊಡುವುದು ಫಲಕಗಳೇ ಹೊರತು ಬ್ಯಾಟರಿಯಲ್ಲ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ, ಒಟ್ಟಾರೆ ಗರಿಷ್ಠ 78,000 ರೂಪಾಯಿ ಸಹಾಯಧನ ಸಿಗುತ್ತದೆ. ಇದು ಜಾಲಕ್ಕೆ ಜೋಡಿಸಿದ, ದೇಶೀಯ ಕೋಶಗಳಿಂದ ತಯಾರಾದ ಫಲಕಗಳ ವ್ಯವಸ್ಥೆಗೆ ಮಾತ್ರ; ಬ್ಯಾಟರಿಯ ಖರ್ಚು ಪೂರ್ತಿ ನಮ್ಮದೇ. ಹಾಗಾಗಿ ಬ್ಯಾಟರಿಯ ಬೆಲೆಯನ್ನು ಉಳಿತಾಯದ ಖಾತೆಗೆ ಬರೆಯದೆ, ನೆಮ್ಮದಿಯ ಖಾತೆಗೆ ಬರೆದುಕೊಳ್ಳುವುದು ಪ್ರಾಮಾಣಿಕ ಲೆಕ್ಕ. ಎಲ್ಲ ಸೇರಿ ನಮಗೆ ಮೂರು ಲಕ್ಷ ರೂಪಾಯಿ ದಾಟಿತು. ಈ ಮೊತ್ತದ ಗಣನೀಯ ಪಾಲು ಕರೆಂಟ್ ಇಲ್ಲದ ಕೆಲವು ಗಂಟೆಗಳಿಗಾಗಿಯೇ ಎಂಬ ಅರಿವು ಕೊಳ್ಳುವವರಿಗೆ ಇರಬೇಕು.

ಆ ಗಂಟೆಗಳು ನಮ್ಮಲ್ಲಿ ಎರಡು ಬಗೆಯಲ್ಲಿ ಬರುತ್ತವೆ. ಒಂದು, ಉಪಕೇಂದ್ರದ ನಿರ್ವಹಣೆಗೆಂದು ಮುಂಚಿತವಾಗಿ ಪ್ರಕಟಿಸಿ, ಬೆಳಗ್ಗೆ ಹತ್ತರ ಸುಮಾರಿಗೆ ತೆಗೆದು ಸಂಜೆಗೆ ಕೊಡುವ ಕಡಿತ. ಇನ್ನೊಂದು, ಏಪ್ರಿಲ್-ಮೇ ತಿಂಗಳ ಅಶ್ವಿನಿ, ಭರಣಿ ಮಳೆಗಳಲ್ಲಿ ಸಂಜೆಯ ಗಾಳಿಗೆ ಗುಲ್‌ಮೊಹರ್ ಅಥವಾ ಮಳೆಮರದ ಕೊಂಬೆ ತಂತಿಯ ಮೇಲೆ ಬಿದ್ದು, ಬೆಸ್ಕಾಂ ಸಹಾಯವಾಣಿ 1912ಕ್ಕೆ ಎಷ್ಟು ಕರೆ ಮಾಡಿದರೂ ಮರ ಕಡಿಯುವವರು ಬರುವವರೆಗೆ ಮುಗಿಯದ ಕಡಿತ. ಮೊದಲನೆಯದು ಹಗಲಿನದು, ಮೊದಲೇ ಗೊತ್ತಿರುವಂಥದು. ಎರಡನೆಯದು ರಾತ್ರಿಯದು, ಹೇಳದೆ ಬರುವಂಥದು. ಒಂದೇ ವ್ಯವಸ್ಥೆ ಎರಡಕ್ಕೂ ಸಿದ್ಧವಾಗಿರಬೇಕಾದಾಗಲೇ ಸ್ವಯಂಚಾಲನೆ ಅಗತ್ಯವಾಗುತ್ತದೆ.

ಅಳವಡಿಕೆಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಮೂವತ್ತು-ನಲವತ್ತರ ನಿವೇಶನದ ತಾರಸಿಯಲ್ಲಿ ಸೋಲಾರ್ ವಾಟರ್ ಹೀಟರ್, ನೀರಿನ ಟ್ಯಾಂಕ್, ಬಟ್ಟೆ ಒಣಹಾಕುವ ತಂತಿ ಇವುಗಳ ನಡುವೆ ಆರು ಫಲಕಗಳಿಗೆ ನೆರಳಿಲ್ಲದ ಜಾಗ ಹುಡುಕುವುದೇ ದೊಡ್ಡ ಕೆಲಸ. ಪಕ್ಕದ ಮನೆಯವರು ಇನ್ನೊಂದು ಅಂತಸ್ತು ಏರಿಸಿದರೆ ಆ ಹುಡುಕಾಟವೂ ವ್ಯರ್ಥವಾಗುತ್ತದೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ದಕ್ಷಿಣಕ್ಕೆ ಹತ್ತು-ಹದಿನೈದು ಡಿಗ್ರಿ ಓರೆ ಸಾಕು. ಗಾಳಿಗೆ ಸಿಗುವಂತೆ ಎತ್ತರದ ಚೌಕಟ್ಟು ಬೇಡವೆಂದು ನಾವು ಹಟ ಹಿಡಿದದ್ದು ಒಳ್ಳೆಯದೇ ಆಯಿತು. ಇನ್ವರ್ಟರ್ ಮತ್ತು ಬ್ಯಾಟರಿಯನ್ನು ಮೆಟ್ಟಿಲಿನ ಮೇಲಿನ ತಗಡಿನ ಕೋಣೆಯಲ್ಲಿ ಇಡೋಣವೆಂದು ಅಳವಡಿಸುವವರು ಹೇಳುತ್ತಾರೆ, ಏಕೆಂದರೆ ಅವರಿಗೆ ಕೇಬಲ್ ಉಳಿಯುತ್ತದೆ. ಒಪ್ಪಬಾರದು. ಏಪ್ರಿಲ್‌ನಲ್ಲಿ ತಗಡಿನ ಕೆಳಗಿನ ಶಾಖಕ್ಕೆ ಇನ್ವರ್ಟರ್ ತನ್ನ ಸಾಮರ್ಥ್ಯವನ್ನು ತಾನೇ ಇಳಿಸಿಕೊಳ್ಳುತ್ತದೆ, ಬ್ಯಾಟರಿಯ ಆಯುಷ್ಯವೂ ಕುಗ್ಗುತ್ತದೆ. ನೆಲಮಹಡಿಯ ನೆರಳಿನ ಗೋಡೆ ಇವೆರಡಕ್ಕೂ ಯೋಗ್ಯ ಸ್ಥಳ. ಬೆಂಗಳೂರಿನ ಹವೆ ಲಿಥಿಯಂ ಬ್ಯಾಟರಿಗೆ ಹೇಳಿ ಮಾಡಿಸಿದಂತಿದೆ.

ಇನ್ವರ್ಟರ್‌ನ ಮುಖ್ಯ ಗುಣವೆಂದರೆ ಕರೆಂಟ್ ಹೋದದ್ದು ಗೊತ್ತೇ ಆಗದಿರುವುದು. ಕೆಲವೇ ಮಿಲಿಸೆಕೆಂಡುಗಳಲ್ಲಿ ಅದು ಜಾಲವನ್ನು ಬಿಟ್ಟು ಬ್ಯಾಟರಿಗೆ ಹೊರಳುತ್ತದೆ; ಕಂಪ್ಯೂಟರ್ ನಿಲ್ಲುವುದಿಲ್ಲ, ವೈ-ಫೈ ಕಡಿಯುವುದಿಲ್ಲ. ಆದರೆ ಇದು ಬ್ಯಾಕಪ್ ಔಟ್‌ಪುಟ್‌ಗೆ ಜೋಡಿಸಿದ ಸಾಲುಗಳಿಗೆ (ಸರ್ಕ್ಯೂಟ್‌ಗಳಿಗೆ) ಮಾತ್ರ ಅನ್ವಯಿಸುವ ಮಾತು. ಹಳೆಯ ಮನೆಯ ಡಿ.ಬಿ. ಪೆಟ್ಟಿಗೆಯನ್ನು, ಅಂದರೆ ಕರೆಂಟ್ ಹಂಚುವ ಮುಖ್ಯ ಪೆಟ್ಟಿಗೆಯನ್ನು, ಎರಡಾಗಿ ಸೀಳಿ, ದೀಪ, ಫ್ಯಾನ್, ಫ್ರಿಜ್, ರೂಟರ್, ನೀರಿನ ಮೋಟಾರ್ ಇವುಗಳನ್ನು ಬ್ಯಾಕಪ್ ಕಡೆಗೂ, ಗೀಸರ್ ಹಾಗೂ ಇಂಡಕ್ಷನ್ ಒಲೆಯನ್ನು ಜಾಲದ ಕಡೆಗೂ ಬೇರ್ಪಡಿಸುವುದು ಎಲೆಕ್ಟ್ರಿಷಿಯನ್ನನ ಕೈಚಳಕವನ್ನು ಪರೀಕ್ಷಿಸುವ ಕೆಲಸ. ಎರಡು ಕಡೆಯ ನ್ಯೂಟ್ರಲ್ ತಂತಿಗಳು ಎಲ್ಲಾದರೂ ಕೂಡಿಕೊಂಡಿದ್ದರೆ ಸೋರಿಕೆ ಕಂಡರೆ ಕರೆಂಟ್ ಕಡಿಯುವ ಆರ್.ಸಿ.ಸಿ.ಬಿ. ಸ್ವಿಚ್ ಕಾರಣವಿಲ್ಲದೆ ಬೀಳುತ್ತಿರುತ್ತದೆ, ಮತ್ತು ಅದನ್ನು ಹುಡುಕಲು ಅಳವಡಿಕೆಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಯಾವ ಮಾರಾಟಗಾರನೂ ತಾನಾಗಿ ಹೇಳದ ಒಂದು ದೋಷ ಯಂತ್ರದ ಸ್ವಂತ ಹಸಿವು. ಮನೆಯಲ್ಲಿ ಒಂದು ದೀಪವೂ ಉರಿಯದಿದ್ದರೂ ಈ ಗಾತ್ರದ ಹೈಬ್ರಿಡ್ ಇನ್ವರ್ಟರ್ ಐವತ್ತು ವ್ಯಾಟ್‌ನ ಆಸುಪಾಸು ಉಣ್ಣುತ್ತಿರುತ್ತದೆ. ದಿನಕ್ಕೆ ಅದು ಒಂದು ಯೂನಿಟ್‌ಗಿಂತ ಮೇಲಾಯಿತು. ಬಿಸಿಲಿನ ದಿನ ಇದು ಲೆಕ್ಕಕ್ಕೆ ಬರುವುದಿಲ್ಲ, ರಾತ್ರಿಯ ಕಡಿತದಲ್ಲಿ ಮಾತ್ರ ಖಂಡಿತ ಬರುತ್ತದೆ. ನಮ್ಮ ಬ್ಯಾಟರಿ 5.12 ಯೂನಿಟ್‌ಗಳದು, ಶೇಕಡ 80ರಷ್ಟನ್ನು ಬಳಸಿದರೆ ಸುಮಾರು 4.1 ಯೂನಿಟ್ ಸಿಗುತ್ತದೆ. ತಲಾ 28 ವ್ಯಾಟ್‌ನ ನಾಲ್ಕು ಬಿ.ಎಲ್.ಡಿ.ಸಿ. (ಕಡಿಮೆ ವಿದ್ಯುತ್ ಉಣ್ಣುವ ಮೋಟಾರಿನ) ಫ್ಯಾನುಗಳು, ಸರಾಸರಿ ಎಪ್ಪತ್ತು ವ್ಯಾಟ್ ಎಳೆಯುವ ಫ್ರಿಜ್, ರೂಟರ್, ಒಂದಷ್ಟು ದೀಪಗಳು ಸೇರಿ 250 ವ್ಯಾಟ್ ಎಂದುಕೊಂಡರೆ ಹದಿನಾರು ಗಂಟೆ ಬರಬೇಕು. ಇನ್ವರ್ಟರ್‌ನ ಐವತ್ತನ್ನು ಸೇರಿಸಿದಾಗ ಅದು ಹದಿಮೂರು ಚಿಲ್ಲರೆ ಗಂಟೆಗೆ ಇಳಿಯುತ್ತದೆ. ಹಳೆಯ 75 ವ್ಯಾಟ್‌ನ ಫ್ಯಾನುಗಳನ್ನೇ ಇಟ್ಟುಕೊಂಡಿದ್ದರೆ ಇನ್ನೂ ಕಡಿಮೆ. ಫ್ಯಾನ್ ಬದಲಿಸುವುದು ಎರಡನೆಯ ಬ್ಯಾಟರಿ ಕೊಳ್ಳುವುದಕ್ಕಿಂತ ಬಹಳ ಅಗ್ಗ ಎಂಬುದನ್ನು ಯಾರೂ ಮರೆಯಬಾರದು. ಹೋಲಿಕೆಗೆ ಹೇಳುವುದಾದರೆ, ಸಾಮಾನ್ಯ ಯು.ಪಿ.ಎಸ್.ನ 12 ವೋಲ್ಟ್, 150 ಆಂಪಿಯರ್-ಗಂಟೆಯ ಟ್ಯೂಬುಲರ್ ಬ್ಯಾಟರಿಯಲ್ಲಿ ಇರುವುದು 1.8 ಯೂನಿಟ್, ಅದರ ಬಾಳಿಕೆ ಕೆಡದಂತೆ ನಿತ್ಯ ಬಳಸಬಹುದಾದದ್ದು ಅದರ ಅರ್ಧ. ಆದರೂ, ತಿಂಗಳಿಗೆ ಒಂದೆರಡು ಬಾರಿ ಒಂದೆರಡು ಗಂಟೆ ಮಾತ್ರ ಕರೆಂಟ್ ಹೋಗುವ ಬಡಾವಣೆಯವರಿಗೆ ಅದೇ ಸಾಕು. ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸವೊಂದು ಇರುತ್ತದೆ, ಅಷ್ಟೆ.

ಇನ್ನು ಸ್ವಯಂಚಾಲನೆ. ಈ ವಿಮರ್ಶೆಯ ತಿರುಳು ಇರುವುದು ಇಲ್ಲಿಯೇ. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಮನೆಯನ್ನು ಉಳಿಸುವ ನಿರ್ಧಾರಗಳು ಇನ್ವರ್ಟರ್‌ನ ಒಳಗೇ ಇರಬೇಕು, ಮನೆಯನ್ನು ಜಾಣವಾಗಿಸುವ ನಿರ್ಧಾರಗಳು ಮಾತ್ರ ಹೊರಗಿನ ತಂತ್ರಾಂಶದಲ್ಲಿರಬೇಕು. ಬ್ಯಾಟರಿ ಎಷ್ಟಕ್ಕೆ ಇಳಿದಾಗ ಮನೆಗೆ ಕರೆಂಟ್ ನಿಲ್ಲಿಸಬೇಕು, ಎಷ್ಟಕ್ಕೆ ಏರಿದಾಗ ಮತ್ತೆ ಕೊಡಬೇಕು, ದಿನದ ಯಾವ ಹೊತ್ತಿನಲ್ಲಿ ಬ್ಯಾಟರಿಯಲ್ಲಿ ಕನಿಷ್ಠ ಎಷ್ಟು ಉಳಿದಿರಬೇಕು, ಜಾಲದಿಂದ ಬ್ಯಾಟರಿ ತುಂಬಿಸಬಹುದೇ ಬಾರದೇ ಎಂಬ ಪ್ರಶ್ನೆಗಳಿಗೆ ಈ ವರ್ಗದ ಇನ್ವರ್ಟರ್‌ಗಳ ಸೆಟ್ಟಿಂಗ್‌ನಲ್ಲೇ ಉತ್ತರ ಬರೆಯಲು ಅವಕಾಶವಿದೆ. ಇದಕ್ಕೂ ಕೆಳಗೆ ಬ್ಯಾಟರಿಯ ಒಳಗಿನ ಬಿ.ಎಂ.ಎಸ್. ಎಂಬ ಕಾವಲು ಸರ್ಕ್ಯೂಟ್ ಪ್ರತಿಯೊಂದು ಕೋಶವನ್ನು ಕಾಯುತ್ತಿರುತ್ತದೆ ಮತ್ತು ಕ್ಯಾನ್ ಎಂಬ ಸಂವಹನ ತಂತಿಯ ಮೂಲಕ ಇನ್ವರ್ಟರ್‌ಗೆ ತನ್ನ ಮಿತಿಯನ್ನು ತಿಳಿಸುತ್ತದೆ. ಈ ಎರಡು ಪದರಗಳು ಸರಿಯಾಗಿದ್ದರೆ ಹೊರಗಿನ ತಂತ್ರಾಂಶವನ್ನು ನಡೆಸುವ ಕಂಪ್ಯೂಟರ್ ಸತ್ತುಬಿದ್ದರೂ ಫ್ಯಾನ್ ತಿರುಗುತ್ತಿರುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಎಲ್ಲವನ್ನೂ ಮೊಬೈಲ್ ಆ್ಯಪ್‌ನಿಂದಲೇ ನಿಯಂತ್ರಿಸಬಹುದೆಂದು ಮಾರಾಟಗಾರರು ತೋರಿಸುವ ಪ್ರಾತ್ಯಕ್ಷಿಕೆ ನೋಡಲು ಸೊಗಸು, ಆದರೆ ಅದು ಅಂಗಡಿಯಲ್ಲಿ ಕರೆಂಟ್ ಇದ್ದಾಗಿನ ಸೊಗಸು.

ಕಾರಣ ಸರಳವಾಗಿದೆ. ಇನ್ವರ್ಟರ್ ಜೊತೆ ಬರುವ ವೈ-ಫೈ ಡಾಂಗಲ್ ಕೆಲವು ನಿಮಿಷಗಳಿಗೊಮ್ಮೆ ಅಂಕಿಗಳನ್ನು ದೂರದ ಸರ್ವರ್‌ಗೆ ಕಳಿಸುತ್ತದೆ, ಆ್ಯಪ್ ಅಲ್ಲಿಂದ ಓದುತ್ತದೆ. ಬಡಾವಣೆಯ ಕರೆಂಟ್ ಹೋಗಿ ಒಂದೆರಡು ಗಂಟೆ ಕಳೆಯುವಷ್ಟರಲ್ಲಿ ಬೀದಿಯ ಕಂಬದ ಮೇಲಿರುವ ಇಂಟರ್ನೆಟ್‌ನವರ ಪೆಟ್ಟಿಗೆಯ ಬ್ಯಾಟರಿಯೂ ಮುಗಿಯಬಹುದು. ನಮ್ಮ ರೂಟರ್ ಉರಿಯುತ್ತಿದ್ದರೂ ಅದರ ಆಚೆ ಯಾರೂ ಇರುವುದಿಲ್ಲ. ಆ್ಯಪ್ ಅತ್ಯಗತ್ಯವಾದ ಹೊತ್ತಿನಲ್ಲಿಯೇ ಅದು ಒಂದು ಗಂಟೆ ಹಿಂದಿನ ಅಂಕಿಯನ್ನು ತೋರಿಸುತ್ತ ಕೂರುತ್ತದೆ. ಆದ್ದರಿಂದ ಅಂಕಿಗಳನ್ನು ಮನೆಯೊಳಗೇ ಓದಿ ಮನೆಯೊಳಗೇ ನಿರ್ಧರಿಸಬೇಕು. ಇನ್ವರ್ಟರ್‌ನ ಆರ್‌ಎಸ್-485 ಕಿಂಡಿಯಿಂದ ಮಾಡ್‌ಬಸ್ ಭಾಷೆಯಲ್ಲಿ (ಯಂತ್ರಗಳು ಪರಸ್ಪರ ಅಂಕಿ ಹಂಚಿಕೊಳ್ಳುವ ಕ್ರಮ) ಎಲ್ಲ ಅಂಕಿಗಳೂ ಸಿಗುತ್ತವೆ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಯು.ಎಸ್.ಬಿ. ಪರಿವರ್ತಕ ಮತ್ತು ರಾಸ್ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರ್ ಇದಕ್ಕೆ ಸಾಕು. ತಂತಿಯನ್ನು ಯಾವ ಪಿನ್‌ಗೆ ಜೋಡಿಸಬೇಕೆಂಬುದನ್ನು ಕೈಪಿಡಿಯಲ್ಲಿ ಓದಿಯೇ ಜೋಡಿಸಬೇಕು. ಕಿಂಡಿ ನೆಟ್‌ವರ್ಕ್ ಕೇಬಲಿನದರಂತೆ ಕಂಡರೂ ಒಳಗಿನ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ.

2013ರಲ್ಲಿ ಆರಂಭವಾದ ಹೋಮ್ ಅಸಿಸ್ಟೆಂಟ್ ಇಂದು ಈ ಕೆಲಸಕ್ಕೆ ಇರುವ ತಂತ್ರಾಂಶಗಳಲ್ಲಿ ನನಗೆ ಅತ್ಯುತ್ತಮವಾಗಿ ಕಂಡಿದೆ. ಇಂಟರ್ನೆಟ್ ಇಲ್ಲದೆಯೂ ಅದು ನಡೆಯುತ್ತದೆ, ಮುಖಪುಟವನ್ನು ಕನ್ನಡದಲ್ಲಿ ಹೆಸರಿಸಿಕೊಳ್ಳಬಹುದು, ಎಲ್ಲಕ್ಕಿಂತ ಮಿಗಿಲಾಗಿ ಯಾವುದೇ ಕಂಪನಿ ಬಾಗಿಲು ಮುಚ್ಚಿದರೂ ಮನೆಯ ನಿಯಮಗಳು ನಮ್ಮ ಬಳಿಯೇ ಉಳಿಯುತ್ತವೆ. ಕಲಿಯಲು ಕೆಲವು ವಾರಾಂತ್ಯಗಳನ್ನು ಬೇಡುವುದು ಇದರ ದೊಡ್ಡ ಕೊರತೆ. ತಿಂಗಳಿಗೊಮ್ಮೆ ಬರುವ ಹೊಸ ಆವೃತ್ತಿ ಒಮ್ಮೊಮ್ಮೆ ಹಳೆಯ ಜೋಡಣೆಯನ್ನು ಮುರಿಯುವುದೂ ಉಂಟು. ಮಳೆಗಾಲದ ನಡುವೆ ಅದನ್ನು ನವೀಕರಿಸದಿರುವುದು ಲೇಸು.

ನಿಯಮಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ನೀರಿನ ಮೋಟಾರಿನದು. ಕಾವೇರಿ ನೀರು ದಿನ ಬಿಟ್ಟು ದಿನ ಸಂಪಿಗೆ ಬರುವ ಮನೆಯಲ್ಲಿ ಮೇಲಿನ ಟ್ಯಾಂಕ್ ಯಾವಾಗ ತುಂಬಬೇಕೆಂಬುದು ನಮ್ಮ ಕೈಯಲ್ಲಿದೆ. ಒಂದು ಅಶ್ವಶಕ್ತಿಯ ಮೋಟಾರ್ ಓಡುವಾಗ 746 ವ್ಯಾಟ್‌ಗಿಂತ ಹೆಚ್ಚೇ ಎಳೆಯುತ್ತದೆ; ಹೊರಡುವ ಕ್ಷಣದಲ್ಲಿ ಅದರ ಹಲವು ಪಟ್ಟು ಕೇಳುತ್ತದೆ. ಆ ಎಳೆತ ಫ್ರಿಜ್, ಮಿಕ್ಸಿಗಳ ಜೊತೆ ಒಂದೇ ಗಳಿಗೆಯಲ್ಲಿ ಬಂದರೆ ಇನ್ವರ್ಟರ್ ಕೈಚೆಲ್ಲಬಹುದು. ಈಗಿನ ನಿಯಮದ ಪ್ರಕಾರ ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಎರಡರ ನಡುವೆ, ಬ್ಯಾಟರಿ ಶೇಕಡ 80 ದಾಟಿದ್ದು, ಫಲಕಗಳು ಒಂದೂವರೆ ಕಿಲೋವ್ಯಾಟ್‌ಗಿಂತ ಹೆಚ್ಚು ಕೊಡುತ್ತಿದ್ದು, ಸಂಪಿನಲ್ಲಿ ನೀರಿದ್ದರೆ ಮಾತ್ರ ಮೋಟಾರ್ ತಾನಾಗಿ ಓಡುತ್ತದೆ. ಕರೆಂಟ್ ಇದ್ದರೂ ಇಲ್ಲದಿದ್ದರೂ ನಿಯಮ ಒಂದೇ. ಇದರಿಂದಾಗಿ ಸಂಜೆ ಮಳೆ ಬಂದು ಕಂಬ ಉರುಳುವ ಹೊತ್ತಿಗೆ ಟ್ಯಾಂಕ್ ತುಂಬಿರುತ್ತದೆ. ಒಂದು ರೀತಿಯಲ್ಲಿ ಆ ಟ್ಯಾಂಕೂ ಬ್ಯಾಟರಿಯೇ, ಅದೂ ಎಂದೂ ಸವೆಯದ ಬ್ಯಾಟರಿ.

ಎರಡನೆಯ ನಿಯಮ ಕಡಿತದ ಹೊತ್ತಿನ ಮಿತವ್ಯಯದ್ದು. ಜಾಲದ ವೋಲ್ಟೇಜ್ ಸೊನ್ನೆಯಾಗಿ ಹತ್ತು ಸೆಕೆಂಡು ಕಳೆದರೆ ಟಿ.ವಿ. ಹಾಗೂ ಕಂಪ್ಯೂಟರ್ ಇರುವ ಸಾಲಿನ ಮೇಲೆ ನಿಗಾ ಆರಂಭವಾಗುತ್ತದೆ. ಬ್ಯಾಟರಿ ಶೇಕಡ 40ಕ್ಕೆ ಇಳಿದಾಗ ಆ ಸಾಲು ಆಫ್ ಆಗುತ್ತದೆ, ಮತ್ತೆ ಆನ್ ಆಗುವುದು 55ಕ್ಕೆ ಏರಿದ ಮೇಲೆಯೇ. ಎರಡು ಅಂಕಿಗಳ ನಡುವಿನ ಈ ಅಂತರ ಬಹಳ ಮುಖ್ಯ. ಅದು ಇಲ್ಲದಿದ್ದರೆ ಹೊರೆ ಇಳಿದೊಡನೆ ಬ್ಯಾಟರಿಯ ಅಂಕಿ ತುಸು ಏರಿ, ಸಾಲು ಮತ್ತೆ ಹೊತ್ತಿಕೊಂಡು, ಮತ್ತೆ ಆರಿ, ಸಾಲನ್ನು ಆನ್-ಆಫ್ ಮಾಡುವ ರಿಲೇ ಇಡೀ ರಾತ್ರಿ ಟಕಟಕ ಎನ್ನುತ್ತಿರುತ್ತದೆ. ಕರೆಂಟ್ ಮರಳಿದಾಗಲೂ ಅವಸರ ಸಲ್ಲದು. ಮರ ಬಿದ್ದ ರಾತ್ರಿ ಕರೆಂಟ್ ಬಂದು, ಹೋಗಿ, ಮತ್ತೆ ಬಂದು, ಆಮೇಲೆ ನಿಲ್ಲುವುದು ಬೆಂಗಳೂರಿನ ರೂಢಿ. ಆದ್ದರಿಂದ ಜಾಲಕ್ಕೆ ಮರಳಿ ಜೋಡಿಕೊಳ್ಳುವ ಸಮಯವನ್ನು ಇನ್ವರ್ಟರ್‌ನಲ್ಲಿಯೇ ಐದು ನಿಮಿಷಕ್ಕೆ ಇಟ್ಟಿದ್ದೇವೆ. ಗೀಸರಿನ ಸಾಲನ್ನು ಕಾಂಟಾಕ್ಟರ್ ಎಂಬ ವಿದ್ಯುತ್ ಸ್ವಿಚ್ಚೊಂದು ಇನ್ನೂ ಐದು ನಿಮಿಷ ತಡೆದಿಡುತ್ತದೆ.

ಮೂರನೆಯದು ನಿಯಮಕ್ಕಿಂತ ಒಂದು ಗುಂಡಿ. ನಿಗದಿತ ಕಡಿತದ ಪ್ರಕಟಣೆ ಕಂಡಾಗ ಮನೆಯಲ್ಲಿ ಯಾರಾದರೂ ಪರದೆಯ ಮೇಲಿನ "ನಾಳೆ ಕರೆಂಟ್ ಇಲ್ಲ" ಎಂಬ ಗುಂಡಿಯನ್ನು ಒತ್ತುತ್ತಾರೆ. ಆ ರಾತ್ರಿ ಬ್ಯಾಟರಿ ಜಾಲದಿಂದಲೂ ತುಂಬಿಕೊಂಡು ಬೆಳಗ್ಗೆ ಒಂಬತ್ತಕ್ಕೆ ಪೂರ್ತಿಯಾಗಿರುತ್ತದೆ. ಪ್ರಕಟಣೆಯನ್ನು ಕಂಪ್ಯೂಟರೇ ಓದಿ ಅರ್ಥಮಾಡಿಕೊಳ್ಳುವಂತೆ ಮಾಡಬಹುದಲ್ಲವೇ ಎಂದು ತಾಂತ್ರಿಕ ಮನಸ್ಸಿನ ಗೆಳೆಯರು ಕೇಳುತ್ತಾರೆ. ಮಾಡಬಹುದು. ಆದರೆ ಪ್ರಕಟಣೆಯಲ್ಲಿ "ಸುತ್ತಮುತ್ತಲಿನ ಪ್ರದೇಶಗಳು" ಎಂಬ ಮಾತಿನೊಳಗೆ ನಮ್ಮ ಬೀದಿ ಸೇರುತ್ತದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸಲು ಇವತ್ತಿಗೂ ಮನೆಯ ಹಿರಿಯರೇ ಹೆಚ್ಚು ನಂಬಲರ್ಹರು.

ಋತುವಿಗೆ ತಕ್ಕಂತೆ ಅಂಕಿ ಬದಲಿಸುವುದನ್ನೂ ಕಡೆಗಣಿಸುವಂತಿಲ್ಲ. ಇಲ್ಲಿ ಒಂದು ಕಿಲೋವ್ಯಾಟ್ ಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ; ಫೆಬ್ರುವರಿ, ಮಾರ್ಚ್‌ನಲ್ಲಿ ಅದಕ್ಕಿಂತ ಹೆಚ್ಚು, ಆಷಾಢ-ಶ್ರಾವಣದ ಮೋಡದಲ್ಲಿ ಬಹಳ ಕಡಿಮೆ. ಬೇಸಿಗೆಯಲ್ಲಿ ರಾತ್ರಿ ಬ್ಯಾಟರಿಯನ್ನು ಶೇಕಡ 50ರವರೆಗೆ ಬಳಸಿದರೂ ಮರುದಿನ ಮಧ್ಯಾಹ್ನದೊಳಗೆ ತುಂಬುತ್ತದೆ. ಜುಲೈನಲ್ಲಿ ಹಾಗೆ ಮಾಡಿದರೆ ಅದು ಕೆಲವು ದಿನ ಅರ್ಧದಲ್ಲೇ ನಿಂತಿರುತ್ತದೆ, ಹಾಗಾಗಿ ಮಳೆಗಾಲದಲ್ಲಿ ಮೀಸಲನ್ನು 80ಕ್ಕೆ ಏರಿಸುತ್ತೇವೆ. ನಾಳಿನ ಬಿಸಿಲನ್ನು ಅಂದಾಜಿಸುವ ಫೋರ್‌ಕಾಸ್ಟ್ ಸೋಲಾರ್ ಎಂಬ ಸೇವೆಯನ್ನು ಹೋಮ್ ಅಸಿಸ್ಟೆಂಟ್‌ಗೆ ಜೋಡಿಸಬಹುದು. ಮೋಡ ಕವಿದ ದಿನಗಳ ಒಟ್ಟು ಉತ್ಪಾದನೆಗೆ ಅದರ ಅಂದಾಜು ಉಪಯುಕ್ತ. ಮಧ್ಯಾಹ್ನ ಮೂರರವರೆಗೆ ಸುಟ್ಟು ನಾಲ್ಕಕ್ಕೆ ಸಿಡಿಲಿಡುವ ಮೇ ತಿಂಗಳ ದಿನವನ್ನು ಮಾತ್ರ ಅದು ಹಿಡಿಯಲಾರದು. ಒಂದು ಎಚ್ಚರಿಕೆಯ ಮಾತನ್ನೂ ಇಲ್ಲಿ ಸೇರಿಸಬೇಕು. ತಂತ್ರಾಂಶದಿಂದ ಇನ್ವರ್ಟರ್‌ನ ಅಂಕಿಗಳನ್ನು ಎಷ್ಟು ಸಲ ಬೇಕಾದರೂ ಓದಬಹುದು, ಆದರೆ ಅದರ ಸೆಟ್ಟಿಂಗ್‌ಗಳನ್ನು ನಿಮಿಷಕ್ಕೊಮ್ಮೆ ಬರೆಯುವ ನಿಯಮ ಮಾಡಬಾರದು, ಏಕೆಂದರೆ ಅವು ಉಳಿಯುವ ಸ್ಮೃತಿಕೋಶಕ್ಕೆ ಬರೆಯುವ ಸಲಗಳ ಮಿತಿ ಇರುತ್ತದೆ. ದಿನಕ್ಕೆ ಒಂದೆರಡು ಬದಲಾವಣೆಗೆ ತೊಂದರೆಯಿಲ್ಲ.

ಅಳವಡಿಸಿದ ಸಂಸ್ಥೆಯ ಸೇವೆಗೆ ನನ್ನಿಂದ ಸಾಧಾರಣ ಅಂಕ. ಚೌಕಟ್ಟು, ಅರ್ಥಿಂಗ್, ಸರ್ಜ್ ರಕ್ಷಕ ಇವುಗಳ ಕೆಲಸ ಅಚ್ಚುಕಟ್ಟಾಗಿತ್ತು. ಆದರೆ ಜಾಲದ ತಂತಿಗೆ ತೊಡಿಸುವ ಸಿ.ಟಿ. ಉಂಗುರವನ್ನು, ಅಂದರೆ ಕರೆಂಟ್ ಯಾವ ಕಡೆಗೆ ಎಷ್ಟು ಹರಿಯುತ್ತಿದೆ ಎಂದು ಅಳೆಯುವ ಉಂಗುರವನ್ನು, ತಿರುಗುಮುರುಗು ಹಾಕಿ ಹೋಗಿದ್ದರು. ಇದರಿಂದ ಇನ್ವರ್ಟರ್‌ಗೆ ಒಳಬರುವುದು ಹೊರಹೋಗುವಂತೆ ಕಾಣುತ್ತಿತ್ತು. ಇದನ್ನು ಯಾರಾದರೂ ಪರೀಕ್ಷಿಸಬಹುದು: ಸಂಜೆ ಕತ್ತಲಾದ ಮೇಲೆ ಗೀಸರ್ ಹಾಕಿದಾಗ ಪರದೆಯ ಮೇಲೆ ಜಾಲದ ಅಂಕಿ "ಖರೀದಿ" ಎಂದು ತೋರಿಸಬೇಕು. ಒಳಬಂದದ್ದನ್ನೂ ಹೊರಹೋದದ್ದನ್ನೂ ಬೇರೆಬೇರೆ ಎಣಿಸುವ ನೆಟ್ ಮೀಟರ್ ಬರುವವರೆಗೆ ಹೊರಗೆ ಒಂದು ವ್ಯಾಟ್ ಕೂಡ ಹರಿಯದಂತೆ ಶೂನ್ಯ ರಫ್ತಿನ ಸೆಟ್ಟಿಂಗ್ ಇಟ್ಟುಕೊಳ್ಳಬೇಕು, ಅದಕ್ಕೂ ಈ ಉಂಗುರ ಸರಿಯಿರಬೇಕು. ಹಳೆಯ ಏಕಮುಖ ಮೀಟರ್‌ಗಳಲ್ಲಿ ಕೆಲವು, ಹೊರಹೋದ ವಿದ್ಯುತ್ತನ್ನೂ ನಮ್ಮ ಬಳಕೆಯೆಂದೇ ಎಣಿಸಿ ಬಿಲ್ ಏರಿಸುತ್ತವೆ.

ಒಟ್ಟಿನಲ್ಲಿ, ಇನ್ವರ್ಟರ್‌ಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಅದರ ಹಸಿವಿಗೂ ಮಧ್ಯಾಹ್ನ ಅದರೊಳಗಿನ ಫ್ಯಾನ್ ಮಾಡುವ ಸದ್ದಿಗೂ ಸೇರಿದ್ದು. ಬ್ಯಾಟರಿಯ ಬಗ್ಗೆ ದೂರಿಲ್ಲ. ಹೋಮ್ ಅಸಿಸ್ಟೆಂಟ್ ಮನೆಯಲ್ಲಿ ಒಬ್ಬರಿಗಾದರೂ ಅದರ ಗೀಳಿದ್ದರೆ ಮಾತ್ರ ಐದು ಅಂಕದ ವಸ್ತು, ಇಲ್ಲದಿದ್ದರೆ ಇನ್ವರ್ಟರ್‌ನ ಸೆಟ್ಟಿಂಗ್‌ಗಳೂ ಮೋಟಾರಿಗೊಂದು ಟೈಮರೂ ಸಾಕು. ಕೊಳ್ಳುವವರು ಮುಂಗಡ ಕೊಡುವ ಮೊದಲು ಮೂರು ಸಂಗತಿಗಳನ್ನು ಲಿಖಿತವಾಗಿ ಪಡೆದುಕೊಳ್ಳಲಿ: ಮಾಡ್‌ಬಸ್ ವಿಳಾಸಗಳ ಪಟ್ಟಿ, ಬ್ಯಾಟರಿ ವಾರಂಟಿ ಯಾವ ತಾಪಮಾನ ಮತ್ತು ಎಷ್ಟು ಬಾರಿ ತುಂಬಿ ಬರಿದಾಗುವ ಸುತ್ತುಗಳಿಗೆ ಅನ್ವಯಿಸುತ್ತದೆ ಎಂಬ ವಿವರ, ಮತ್ತು ಇನ್ವರ್ಟರ್‌ನ ಮುಂದುವರಿದ ಸೆಟ್ಟಿಂಗ್‌ಗಳಿಗೆ ಬೇಕಾದ ಪಾಸ್‌ವರ್ಡ್. ಕೊನೆಯದನ್ನು ಕೊಡಲು ಅಳವಡಿಸುವವರು ಹಿಂದೇಟು ಹಾಕುತ್ತಾರೆ. ಅದಿಲ್ಲದೆ ಋತುವಿಗೊಮ್ಮೆ ಒಂದು ಅಂಕಿ ಬದಲಿಸಲೂ ಅವರನ್ನೇ ಕರೆಸಿ, ಬಂದುಹೋದ ಖರ್ಚನ್ನು ತೆರಬೇಕಾಗುತ್ತದೆ.